ಬಾಗಿಲು ಯಾವಾಗ ಮುಚ್ಚಬೇಕು?

ಕಾಲೇಜಿನ ಪತ್ರಿಕೆಗೆ ಬೋಧನಾಭ್ಯಾಸದ ಒಂದು ಅನುಭವ ಬರೆದುಕೊಡಿ ಎಂದು ಕೇಳಿದಾಗ ನಾನು ಮೊದಲು ಬರೆಯಲು ಕೂತದ್ದು ಬೆಳಕಿನ ವಕ್ರೀಭವನದ ಪಾಠದ ಬಗ್ಗೆ. ಗಾಜಿನ ಇಟ್ಟಿಗೆ, ಗುಂಡುಸೂಜಿ, ಮಕ್ಕಳ ಚುರುಕಾದ ಉತ್ತರ, ಮೇಲ್ವಿಚಾರಕರ ಮೆಚ್ಚುಗೆ ಎಲ್ಲವೂ ಅದರಲ್ಲಿತ್ತು. ಎರಡು ಪುಟ ಬರೆದ ಮೇಲೆ ನನಗೇ ಬೇಸರ ಬಂತು. ಎಲ್ಲವೂ ಸರಿಯಾಗಿ ನಡೆದ ಪಾಠವನ್ನು ಓದಿ ಮುಂದಿನ ವರ್ಷದ ಪ್ರಶಿಕ್ಷಣಾರ್ಥಿಗಳು ಏನು ಮಾಡಬೇಕು? ಆ ಪುಟಗಳನ್ನು ಬದಿಗಿಟ್ಟು, ನಾನು ತಪ್ಪು ಹೇಳಿದ ಪಾಠದ ಬಗ್ಗೆ ಬರೆಯುತ್ತಿದ್ದೇನೆ.

2019ರ ಡಿಸೆಂಬರ್. ನನ್ನ ಬೋಧನಾಭ್ಯಾಸ ದಾಂಡೇಲಿಯ ಒಂದು ಪ್ರೌಢಶಾಲೆಯಲ್ಲಿ. ನಾನು ಮುಂಡಗೋಡದವಳು. ಹಳಿಯಾಳದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಾಗದದ ಕಾರ್ಖಾನೆಯ ವಾಸನೆ ಮೂಗಿಗೆ ಬಡಿದರೆ ಇಳಿಯುವ ಜಾಗ ಬಂತೆಂದೇ ಲೆಕ್ಕ. ಪಾಠ ಯೋಜನೆಯ ಪುಸ್ತಕ ಚೀಲದೊಳಗೆ ಹಾಕಿ ಏಳುತ್ತಿದ್ದೆ. ನನ್ನ ವಿಷಯಗಳು ಭೌತಶಾಸ್ತ್ರ ಮತ್ತು ಗಣಿತ. ಕನ್ನಡ ಮಾಧ್ಯಮದ ತರಗತಿಯಾದರೂ ಮನೆಯಲ್ಲಿ ಮರಾಠಿ, ಕೊಂಕಣಿ, ಉರ್ದು ಆಡುವ ಮಕ್ಕಳೇ ಹೆಚ್ಚು. ಅದು ಕಾರ್ಖಾನೆಯ ಊರು, ನಾನಾ ಕಡೆಯಿಂದ ಬಂದು ನೆಲೆಸಿದವರ ಊರು.

ಆ ಶಾಲೆಯಲ್ಲಿ ವೃತ್ತಿ ಶಿಕ್ಷಣದ ಆಟೊಮೊಬೈಲ್ ವಿಷಯವೂ ಇತ್ತು. ಅದನ್ನು ಕಲಿಸುವವರು ವಾರದ ರಜೆ ಹಾಕಿದ್ದರು. ಭೌತಶಾಸ್ತ್ರದವರು ನೀವೇ ಅಲ್ಲವೇ, ಹತ್ತನೇ ತರಗತಿಗೆ ಪೆಟ್ರೋಲ್ ಎಂಜಿನ್ ಒಂದು ಪಾಠ ಮಾಡಿಬಿಡಿ, ಅದನ್ನೇ ಮೇಲ್ವಿಚಾರಣೆಯ ಪಾಠವಾಗಿ ತೋರಿಸಬಹುದು ಎಂದು ಮಾರ್ಗದರ್ಶಿ ಶಿಕ್ಷಕಿ ಹೇಳಿದರು. ನಾನು ಒಪ್ಪಿಕೊಂಡೆ. ಒಂದು ರಾತ್ರಿಯ ತಯಾರಿ. ಡ್ರಾಯಿಂಗ್ ಶೀಟಿನ ಮೇಲೆ ನಾಲ್ಕು ಸಿಲಿಂಡರ್ ಬರೆದು ನಾಲ್ಕು ಸ್ಟ್ರೋಕ್ ತೋರಿಸಿದೆ. ಪಿಸ್ಟನ್ ಕೆಳಗಿಳಿಯುವಾಗ ಒಳವಾಲ್ವ್ ತೆರೆದಿರುತ್ತದೆ, ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಗೆ ಬರುತ್ತದೆ. ಪಿಸ್ಟನ್ ತಳ ಮುಟ್ಟಿದೊಡನೆ ವಾಲ್ವ್ ಮುಚ್ಚುತ್ತದೆ. ಮೇಲೇರುವಾಗ ಮಿಶ್ರಣ ಅದುಮಿಕೊಳ್ಳುತ್ತದೆ. ಕಿಡಿ, ಸ್ಫೋಟ, ಪಿಸ್ಟನ್ ಮತ್ತೆ ಕೆಳಕ್ಕೆ. ಆಮೇಲೆ ಹೊರವಾಲ್ವ್ ತೆರೆದು ಹೊಗೆ ಹೊರಗೆ. ಕೆಂಪು ನೀಲಿ ಬಾಣಗಳಿದ್ದ ಚಿತ್ರ ನೋಡಲು ಚೆನ್ನಾಗಿತ್ತು.

ಪಾಠ ಮುಗಿಯಲು ಹತ್ತು ನಿಮಿಷವಿದ್ದಾಗ ಕಿಟಕಿ ಬದಿಯ ಒಬ್ಬ ಹುಡುಗ ಎದ್ದು ನಿಂತ.

"ಟೀಚರ್ರ, ವಾಲ್ವ್ ಅಷ್ಟು ಬರೋಬ್ಬರಿ ತಳದಾಗ ಮುಚ್ಚೂದಿಲ್ರಿ. ಮತ್ತ ಆರ್-ಫಿಫ್ಟೀನ್ ಗಾಡ್ಯಾಗ ಏಳು ಸಾವಿರ ದಾಟಿದ ಮ್ಯಾಲೆ ವಾಲ್ವಿನ ಟೈಮಿಂಗೇ ಬದಲಾಗ್ತದ್ರಿ. ಮೀಟರಿನ್ಯಾಗ ವಿವಿಎ ಅಂತ ಬರ್ತದ. ಅದ್ಯಾಕ್ರಿ?"

ಮೇಲ್ವಿಚಾರಕರು ಹಿಂದಿನ ಬೆಂಚಿನಲ್ಲಿ ಅವಲೋಕನ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. "ವಾಲ್ವಿನ ಸಮಯ ಹಾಗೆಲ್ಲ ಬದಲಾಗೋದಿಲ್ಲ, ಅದು ಕ್ಯಾಮಿನ ಆಕಾರದಿಂದ ನಿಶ್ಚಯ ಆಗಿರುತ್ತೆ. ಮೊದಲು ಇಲ್ಲಿ ಬರೆದಿರೋದನ್ನ ಸರಿಯಾಗಿ ಕಲಿ, ಆಮೇಲೆ ಬೈಕಿನ ಸುದ್ದಿ" ಎಂದೆ. ತರಗತಿ ನಕ್ಕಿತು. ಅವನು ಕೂತ. ಕೂತವನು ಗಂಟೆ ಹೊಡೆಯುವವರೆಗೆ ನನ್ನ ಕಡೆ ನೋಡಲಿಲ್ಲ.

ನನ್ನ ಅವಲೋಕನ ಪುಸ್ತಕದಲ್ಲಿ ಆ ದಿನ ಬಂದ ಷರಾ: "ತರಗತಿ ನಿರ್ವಹಣೆ ಉತ್ತಮ. ವಿಷಯಾಂತರವನ್ನು ಚೆನ್ನಾಗಿ ತಡೆದಿದ್ದಾರೆ."

ಈ ಸಾಲು ಓದಿದಾಗ ಖುಷಿಯಾಗಬೇಕಿತ್ತು. ಮರುದಿನ ಆ ಹುಡುಗ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹಾಜರಿ ಪುಸ್ತಕ ತಿರುವಿ ನೋಡಿದರೆ ಆ ತಿಂಗಳಲ್ಲಿ ಅದಾಗಲೇ ಐದು ದಿನ ತಪ್ಪಿಸಿದ್ದ. "ಅವನ ಮಾವನ ಗ್ಯಾರೇಜು ಇದೆ, ಅಲ್ಲೇ ಇರ್ತಾನೆ. ಈ ವರ್ಷ ದಾಟಿದರೆ ದೊಡ್ಡದು" ಎಂದು ಮಾರ್ಗದರ್ಶಿ ಶಿಕ್ಷಕಿ ಹೇಳಿದರು. ನನ್ನ ಒಂದು ಮಾತಿನಿಂದಲೇ ಅವನು ಶಾಲೆ ಬಿಟ್ಟ ಎಂದು ನಾನು ಹೇಳುವುದಿಲ್ಲ. ಆದರೆ ಶಾಲೆಯೋ ಗ್ಯಾರೇಜೋ ಎಂದು ತೂಗುತ್ತಿದ್ದ ಹುಡುಗನಿಗೆ, ಅವನು ನಿಜವಾಗಿ ಬಲ್ಲ ಒಂದೇ ವಿಷಯದಲ್ಲಿ, ಶಾಲೆ ನಿನ್ನದಲ್ಲ ಎಂದು ತೋರಿಸಿದವಳು ನಾನು.

ಚಿಕ್ಕಪ್ಪ ಸಾರಿಗೆ ಸಂಸ್ಥೆಯ ಬಸ್ ಚಾಲಕರು. ರಾತ್ರಿ ಊಟಕ್ಕೆ ಕೂತಾಗ ನಡೆದದ್ದು ಹೇಳಿದೆ. ಅವರು ರೊಟ್ಟಿ ಮುರಿಯುತ್ತಲೇ, "ಅಲ್ಲವ್ವಾ, ಹುಡುಗ ಹೇಳಿದ್ದು ಖರೇ ಇದ್ದೀತು. ಗಾಡಿ ಹತ್ತೂದು ಬ್ಯಾರೆ, ಓಡೂದು ಬ್ಯಾರೆ. ಅಣಶಿ ಘಾಟ್ ಹತ್ತೂವಾಗ ಎಂಜಿನ್ನಿಗೆ ಬೇಕಾದದ್ದು ಸಪಾಟ್ ರಸ್ತಾದಾಗ ಬೇಕಾಗೂದಿಲ್ಲ. ನಮಗ ಗೇರ್ ಅದಾವ, ಬದಲಿ ಮಾಡ್ತೀವಿ. ಎಂಜಿನ್ ಒಳಗ ಏನ್ ಬದಲಿ ಮಾಡ್ತಾರೋ ನನಗೂ ಗೊತ್ತಿಲ್ಲ. ನಾಳಿ ಹೋಗಿ ಕೇಳು, ಕೇಳಿದರ ಏನ್ ಹೋಗ್ತದ" ಎಂದರು.

ಮರುದಿನ ಸಂಜೆ ಗ್ಯಾರೇಜಿಗೆ ಹೋದೆ. ಹುಡುಗ ಅಲ್ಲೇ ಇದ್ದ. ನನ್ನನ್ನು ಕಂಡು ಒಳಗೆ ಸರಿದ. ಅವನ ಮಾವ ಕೈ ಒರೆಸಿಕೊಂಡು ಬಂದು, "ಬರ್ರಿ ಟೀಚರ್ರ, ಕುಂದರ್ರಿ. ಏನರೆ ತಪ್ಪು ಮಾಡ್ಯಾನೇನ್ರಿ?" ಎಂದರು. ತಪ್ಪು ಮಾಡಿದ್ದು ನಾನು, ವಾಲ್ವ್ ಯಾವಾಗ ಮುಚ್ಚುತ್ತದೆ ಎಂದು ನೋಡಲು ಬಂದೆ ಎಂದು ಹೇಳಿದೆ. ಅವರಿಗೆ ನಗು ಬಂತು. ಒಳಗೆ ಸರಿದವನು ಬಾಗಿಲವರೆಗೆ ಬಂದ.

ಅವರು ತೋರಿಸಿದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ವಿಜ್ಞಾನ ಕಲಿಸುವ ಯಾರು ಬೇಕಾದರೂ ಒಬ್ಬ ಮೆಕ್ಯಾನಿಕ್‌ನನ್ನು ಕೇಳಿ ಇದನ್ನು ನೋಡಿಕೊಂಡು ಬರಬಹುದು. ಹಳೆಯ ಬೈಕಿನ ಎಂಜಿನ್ ಒಂದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ್ದರು. ತಲೆಯ ಮುಚ್ಚಳ ತೆಗೆದಿತ್ತು; ಕ್ಯಾಮ್, ರಾಕರ್, ವಾಲ್ವಿನ ಸ್ಪ್ರಿಂಗ್ ಎಲ್ಲ ಕಾಣುತ್ತಿದ್ದವು. ಪ್ಲಗ್ ಬಿಚ್ಚಿ ಆ ತೂತಿನೊಳಗೆ ಎಳನೀರು ಕುಡಿಯುವ ಒಂದು ಸ್ಟ್ರಾ ಇಳಿಬಿಟ್ಟರು. ಅದರ ತುದಿ ಪಿಸ್ಟನ್ ಮೇಲೆ ಕೂತಿತು. ಪಾನಾ ಹಾಕಿ ಎಂಜಿನ್ನನ್ನು ಮೆಲ್ಲಗೆ ತಿರುಗಿಸಿದಂತೆ ಸ್ಟ್ರಾ ಏರುತ್ತಿತ್ತು, ಇಳಿಯುತ್ತಿತ್ತು. ಸ್ಟ್ರಾ ನೋಡಿದರೆ ಪಿಸ್ಟನ್ ಎಲ್ಲಿದೆ ಎಂದು ಗೊತ್ತಾಗುತ್ತದೆ, ರಾಕರ್ ನೋಡಿದರೆ ವಾಲ್ವ್ ತೆರೆದಿದೆಯೋ ಮುಚ್ಚಿದೆಯೋ ಗೊತ್ತಾಗುತ್ತದೆ.

ಸ್ಟ್ರಾ ಪೂರ್ತಿ ಕೆಳಗಿಳಿಯಿತು. ನನ್ನ ಚಿತ್ರದ ಪ್ರಕಾರ ಒಳವಾಲ್ವ್ ಈಗ ಮುಚ್ಚಬೇಕು. ಮುಚ್ಚಲಿಲ್ಲ. ಸ್ಟ್ರಾ ಮೇಲೇರಲು ಸುರುವಾಯಿತು, ರಾಕರ್ ಇನ್ನೂ ವಾಲ್ವನ್ನು ಒತ್ತಿಕೊಂಡೇ ಇತ್ತು. ಒಂದು ಗೇಣಿನ ಸ್ಟ್ರಾದಲ್ಲಿ ಕಣ್ಣಿಗೆ ಕಾಣುವಷ್ಟು ಮೇಲೆ ಬಂದ ಮೇಲೆ ವಾಲ್ವ್ ಕೂತಿತು. ಇನ್ನೊಂದು ಕಡೆ, ಹೊಗೆ ಹೋಗುವ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಒಳವಾಲ್ವ್ ಕಣ್ಣು ತೆರೆಯುತ್ತಿತ್ತು. ಎರಡೂ ಬಾಗಿಲು ಒಂದು ಕ್ಷಣ ಒಟ್ಟಿಗೆ ತೆರೆದೇ ಇದ್ದವು.

"ಮುಚ್ಚೂಕಿಂತ ಮೊದಲ ಪಿಸ್ಟನ್ ಮ್ಯಾಲೆ ಬಂದರ ಒಳಗ ಬಂದ ಗಾಳಿ ತಿರುಗಿ ಹೊರಗ ಹೋಗೂದಿಲ್ಲೇನ್ರಿ?" ಎಂದು ಅವರದೇ ಧಾಟಿಯಲ್ಲಿ ನಾನು ಕೇಳಿದೆ.

ಹುಡುಗನೇ ಉತ್ತರ ಕೊಟ್ಟ. "ಸಾವಕಾಶ ತಿರುಗಿದರ ಹೋಗ್ತದ್ರಿ. ಜೋರ ತಿರುಗಿದರ ಹೋಗೂದಿಲ್ಲ."

ಇಡೀ ವಿಷಯ ಆ ಎರಡು ವಾಕ್ಯಗಳಲ್ಲಿದೆ ಎಂದು ಮನೆಗೆ ಬಂದು ಓದಲು ಕೂತ ಮೇಲೆ ನನಗೆ ತಿಳಿಯಿತು. ಗಾಳಿಗೆ ತೂಕವಿದೆ. ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಮ್. 155 ಸಿ.ಸಿ. ಬೈಕಿನ ಸಿಲಿಂಡರ್ ತುಂಬುವ ಗಾಳಿ ಕಾಲು ಗ್ರಾಮೂ ಇಲ್ಲ. ಆದರೂ ಅದು ಓಡುತ್ತಿದ್ದರೆ ಅದಕ್ಕೆ ಜಡತ್ವವಿದೆ, ನ್ಯೂಟನ್ನನ ಮೊದಲ ನಿಯಮ ಅದನ್ನು ಬಿಟ್ಟಿಲ್ಲ. ಎಂಜಿನ್ ಜೋರಾಗಿ ತಿರುಗುವಾಗ ಕೊಳವೆಯಲ್ಲಿ ಗಾಳಿಯ ಕಂಬವೇ ಓಡಿಬರುತ್ತಿರುತ್ತದೆ. ಪಿಸ್ಟನ್ ತಳ ಮುಟ್ಟಿ ಮೇಲೇರಲು ಸುರುಮಾಡಿದರೂ ಆ ಕಂಬ ತನ್ನ ಓಟದಲ್ಲಿ ಇನ್ನಷ್ಟು ಒಳಗೆ ನುಗ್ಗುತ್ತದೆ. ಆಗ ವಾಲ್ವ್ ತಡವಾಗಿ ಮುಚ್ಚಿದರೆ ಲಾಭ. ಎಂಜಿನ್ ನಿಧಾನವಾಗಿ ತಿರುಗುವಾಗ ಆ ಓಟ ಇರುವುದಿಲ್ಲ. ತಡವಾಗಿ ಮುಚ್ಚಿದರೆ ಮೇಲೇರುವ ಪಿಸ್ಟನ್ ಬಂದದ್ದನ್ನು ಹೊರಗೆ ದಬ್ಬುತ್ತದೆ. ಎಳೆತ ಕಡಿಮೆಯಾಗುತ್ತದೆ. ಕ್ಯಾಮ್ ಒಂದೇ ಆದರೆ ಅದನ್ನು ತಯಾರಿಸುವವರು ಏನಾದರೂ ಒಂದನ್ನು ಬಿಟ್ಟುಕೊಡಲೇಬೇಕು. ಏರು ಹತ್ತುವ ಎಳೆತ ಇಟ್ಟುಕೊಂಡರೆ ಓಟ ಹೋಗುತ್ತದೆ, ಓಟ ಇಟ್ಟುಕೊಂಡರೆ ಏರಿನಲ್ಲಿ ಕೆಮ್ಮುತ್ತದೆ. ಜೋಯಿಡಾ ಕಡೆಯ ರಸ್ತೆಯಲ್ಲಿ ಇಬ್ಬರನ್ನು ಕೂರಿಸಿಕೊಂಡು ಬೈಕ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಜೆ ಮುಗಿಸಿ ಬಂದ ಆಟೊಮೊಬೈಲ್ ಶಿಕ್ಷಕರಲ್ಲಿ ನಡೆದದ್ದು ಹೇಳಿ, ಅದೇ ತರಗತಿಗೆ ಎರಡು ಅವಧಿ ಒಟ್ಟಿಗೆ ಕೊಡಿ ಎಂದು ಕೇಳಿಕೊಂಡೆ. ಅವರು ದೊಡ್ಡ ಮನಸ್ಸಿನಿಂದ ಕೊಟ್ಟರು. ಗ್ಯಾರೇಜಿಗೂ ಹೇಳಿಕಳಿಸಿದೆ: ಗುರುವಾರ ಅವನು ಬರಲೇಬೇಕು, ಅವನಿಲ್ಲದೆ ಪಾಠ ಆಗುವುದಿಲ್ಲ.

ಬಂದಿದ್ದ. ಅದೇ ಕಿಟಕಿ ಬದಿ.

ಹೋದ ವಾರ ನಾನು ಹೇಳಿದ್ದರಲ್ಲಿ ಎರಡು ತಪ್ಪುಗಳಿದ್ದವು, ನಿಮ್ಮಲ್ಲೊಬ್ಬ ಅವನ್ನು ಹಿಡಿದಿದ್ದ, ನಾನು ಒಪ್ಪಿಕೊಳ್ಳಲಿಲ್ಲ ಎಂದು ಪಾಠ ಸುರುಮಾಡಿದೆ. ಯಾರೂ ನಗಲಿಲ್ಲ. ಕ್ಷಮೆ ಕೇಳುವ ಶಿಕ್ಷಕಿಯನ್ನು ಕಂಡು ಮಕ್ಕಳಿಗೆ ಮುಜುಗರವಾಗುತ್ತದೆ, ಅದನ್ನು ಎಳೆಯಬಾರದು. ನೇರ ಲೆಕ್ಕಕ್ಕೆ ಹೋದೆ.

ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಒಂದು ಸೆಕೆಂಡಿಗೆ ಎಷ್ಟು ಡಿಗ್ರಿ? ಸಾವಿರವನ್ನು 360ರಿಂದ ಗುಣಿಸಿ 60ರಿಂದ ಭಾಗಿಸಿದರು: 6000 ಡಿಗ್ರಿ. ಹಾಗಾದರೆ ವಾಲ್ವ್ ತಳ ದಾಟಿ 40 ಡಿಗ್ರಿ ಆದಮೇಲೆ ಮುಚ್ಚುವುದಾದರೆ ಆ ನಲವತ್ತು ಡಿಗ್ರಿಗೆ ಎಷ್ಟು ಹೊತ್ತು? ಸುಮಾರು 6.7 ಮಿಲಿಸೆಕೆಂಡ್. ಅದೇ 6000 ಸುತ್ತಿಗೆ? 1.1 ಮಿಲಿಸೆಕೆಂಡ್. ಡಿಗ್ರಿ ಅಷ್ಟೇ, ಹೊತ್ತು ಮಾತ್ರ ಆರು ಪಟ್ಟು ಕಡಿಮೆ. ಕ್ಯಾಮಿಗೆ ಗೊತ್ತಿರುವುದು ಡಿಗ್ರಿ. ಗಾಳಿಗೆ ಗೊತ್ತಿರುವುದು ಹೊತ್ತು. ಆರ್-ಫಿಫ್ಟೀನ್ ಬೈಕು ಕ್ಯಾಮ್ ಬದಲಿಸುವುದು 7400 ಸುತ್ತಿಗೆ. ಆಗ ಒಂದು ಸ್ಟ್ರೋಕಿಗೆ ಎಷ್ಟು ಸಮಯ ಎಂದು ಕೇಳಿದಾಗ ಮೊದಲು ಕೈ ಎತ್ತಿದವನು ಕಿಟಕಿ ಬದಿಯವನು. "ನಾಲ್ಕು ಮಿಲಿಸೆಕೆಂಡ್‌ರಿ." ಗಣಿತದ ಅವಧಿಯಲ್ಲಿ ಅವನು ಕೈ ಎತ್ತಿದ್ದು ನಾನು ನೋಡಿರಲಿಲ್ಲ.

ಆಮೇಲೆ ಎಲ್ಲರನ್ನೂ ಬಿಸಿಯೂಟದ ನಂತರ ಕೈ ತೊಳೆಯುವ ನಲ್ಲಿಗಳ ಹತ್ತಿರ ಕರೆದೊಯ್ದೆ. ಒಂದು ನಲ್ಲಿ ಒಂದೇ ಏಟಿಗೆ ಮುಚ್ಚುವಂಥದ್ದು. ನೀರು ಸಣ್ಣಗೆ ಬಿಟ್ಟು ತಟ್ಟನೆ ಮುಚ್ಚಿದರೆ ಏನೂ ಆಗುವುದಿಲ್ಲ. ಪೂರ್ತಿ ಬಿಟ್ಟು ತಟ್ಟನೆ ಮುಚ್ಚಿದರೆ ಕೊಳವೆ ಧಡಕ್ಕನೆ ಅಲುಗುತ್ತದೆ. ಓಡುತ್ತಿದ್ದ ನೀರಿಗೆ ಬಾಗಿಲು ಮುಚ್ಚಿದ್ದು ಗೊತ್ತಿಲ್ಲ, ಹಿಂದಿನ ನೀರು ಬಂದು ಗುದ್ದುತ್ತದೆ. ಕೊಳವೆಯ ಮೇಲೆ ಅಂಗೈ ಇಟ್ಟು ಎಲ್ಲರೂ ಸರದಿಯಲ್ಲಿ ನೋಡಿದರು. ಹತ್ತು ನಿಮಿಷ ಅಂದುಕೊಂಡದ್ದು ಇಪ್ಪತ್ತಾಯಿತು. ಅಟೆಂಡರ್ ಬಂದು ನಲ್ಲಿ ಮುರಿಯುತ್ತೀರಿ ಎಂದು ಗದರಿದರು.

ಒಳಗೆ ಬಂದು ಬಸ್ಸಿನ ಹೋಲಿಕೆ ಹೇಳಿದೆ. ಸಂತೆಯ ದಿನ ಬಸ್ಸಿಗೆ ಜನ ಹತ್ತುತ್ತಿದ್ದಾರೆ. ನಿಧಾನವಾಗಿ ಹತ್ತುತ್ತಿದ್ದರೆ, ಒಳಗೆ ಇಕ್ಕಟ್ಟಾದೊಡನೆ ಮೆಟ್ಟಿಲ ಮೇಲಿದ್ದವರು ಹಿಂದಕ್ಕೆ ಇಳಿದುಬಿಡುತ್ತಾರೆ. ಕಂಡಕ್ಟರ್ ಬೇಗ ಬಾಗಿಲು ಹಾಕಬೇಕು. ಓಡಿಬಂದು ಹತ್ತುತ್ತಿದ್ದರೆ, ಒಳಗೆ ಇಕ್ಕಟ್ಟಾಗುತ್ತಿದ್ದರೂ ಹಿಂದಿನವರು ಮುಂದಿನವರನ್ನು ದಬ್ಬಿಕೊಂಡು ಇನ್ನೂ ನಾಲ್ಕು ಮಂದಿ ಒಳಗಾಗುತ್ತಾರೆ. ಆಗ ಬಾಗಿಲು ಸ್ವಲ್ಪ ತಡೆದು ಹಾಕಿದರೇ ಲಾಭ. ಮಕ್ಕಳಿಗೆ ಇದು ಹಿಡಿಸಿತು, ಏಕೆಂದರೆ ದಿನಾ ಆ ನಾಲ್ಕು ಮಂದಿ ಅವರೇ. ಆದರೆ ಮುಂದಿನ ಸಾಲಿನ ಒಬ್ಬಳು ಸುಮ್ಮನಿರಲಿಲ್ಲ. "ಟೀಚರ್ರ, ಜನ ಸೀಟಿನ ಆಸೆಗೆ ಓಡಿ ಬರ್ತಾರ. ಗಾಳಿ ಯಾಕ ಓಡಿ ಬರ್ತದ್ರಿ?"

ಹೋಲಿಕೆ ಕುಂಟುವುದು ಇಂಥಲ್ಲೇ. ಗಾಳಿಗೆ ಆಸೆಯಿಲ್ಲ. ಪಿಸ್ಟನ್ ಬೇಗ ಕೆಳಗಿಳಿದಷ್ಟೂ ಒಳಗೆ ಒತ್ತಡ ಹೆಚ್ಚು ಬೀಳುತ್ತದೆ, ಹೊರಗಿನ ವಾತಾವರಣ ಅದನ್ನು ಅಷ್ಟೇ ಜೋರಾಗಿ ಒಳಕ್ಕೆ ದಬ್ಬುತ್ತದೆ. ಎಂಜಿನ್ನಿನ ವೇಗವೇ ಗಾಳಿಯ ವೇಗಕ್ಕೆ ಕಾರಣ. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಅವಳು ಕೇಳಿದ್ದರಿಂದ ಹೇಳಿದೆ.

ಇನ್ನು ಪಟ್ಟಿಗಳ ಕೆಲಸ. ಆ ಎರಡನೇ ಪಾಠದಲ್ಲಿ ನಿಜಕ್ಕೂ ಕಲಿಕೆ ನಡೆದದ್ದು ಇಲ್ಲಿ ಅನ್ನಿಸುತ್ತದೆ. ಕಾಗದದ ಊರಿನಲ್ಲಿ ರಟ್ಟಿಗೇನು ಬರ. 72 ಸೆಂಟಿಮೀಟರ್ ಉದ್ದದ ಒಂದು ರಟ್ಟು, ಒಂದು ಸೆಂಟಿಮೀಟರಿಗೆ 10 ಡಿಗ್ರಿ. ಎರಡು ಸುತ್ತು ಅಂದರೆ ನಾಲ್ಕು ಸ್ಟ್ರೋಕ್ ಅದರಲ್ಲಿ ಬಂತು. ಒಳವಾಲ್ವಿಗೆ 24 ಸೆಂಟಿಮೀಟರಿನ ನೀಲಿ ಪಟ್ಟಿ: ಮೇಲ್ತುದಿಗೆ 10 ಡಿಗ್ರಿ ಮೊದಲು ತೆರೆಯುತ್ತದೆ, ತಳ ದಾಟಿ 50 ಡಿಗ್ರಿಗೆ ಮುಚ್ಚುತ್ತದೆ. ಹೊರವಾಲ್ವಿಗೆ ಅಷ್ಟೇ ಉದ್ದದ ಕೆಂಪು ಪಟ್ಟಿ, ಮೇಲ್ತುದಿ ದಾಟಿ 10 ಡಿಗ್ರಿಗೆ ಮುಚ್ಚುವಂತೆ. ಎರಡು ಪಟ್ಟಿಗಳು 2 ಸೆಂಟಿಮೀಟರ್ ಒಂದರ ಮೇಲೊಂದು ಬರುತ್ತವೆ. ಎರಡೂ ಬಾಗಿಲು ತೆರೆದಿರುವ 20 ಡಿಗ್ರಿ ಅದು. ಯಾವುದೋ ಒಂದು ಗಾಡಿಯ ಅಳತೆಯಲ್ಲ, ಪಾಠಕ್ಕೆಂದು ನಾನು ಇಟ್ಟುಕೊಂಡ ಸಾಧಾರಣ ಅಂಕಿಗಳು.

ಈಗ ನೀವೇ ಎಂಜಿನ್ ಮಾಡುವವರು, ನಿಧಾನ ಓಟಕ್ಕೆ ವಾಲ್ವ್ ಬೇಗ ಮುಚ್ಚಬೇಕು, ಏನು ಮಾಡುತ್ತೀರಿ ಎಂದು ಗುಂಪುಗಳಿಗೆ ಬಿಟ್ಟೆ. ಎಲ್ಲ ಗುಂಪೂ ಮೊದಲು ಮಾಡಿದ್ದು ಒಂದೇ: ನೀಲಿ ಪಟ್ಟಿಯನ್ನು 2 ಸೆಂಟಿಮೀಟರ್ ಎಡಕ್ಕೆ ಸರಿಸಿದರು. ಮುಚ್ಚುವುದು 50ರ ಬದಲು 30 ಡಿಗ್ರಿಗೆ ಬಂತು. ಮಾರುತಿ ಸ್ವಿಫ್ಟ್‌ನಂಥ ಕಾರುಗಳ ವಿವಿಟಿ ಎಂಜಿನ್ನಿನಲ್ಲಿ ನಡೆಯುವುದು ಇದೇ. ಎಣ್ಣೆಯ ಒತ್ತಡದಿಂದ ಇಡೀ ಕ್ಯಾಮ್ ಶಾಫ್ಟನ್ನೇ ಅದರ ಚಕ್ರದೊಳಗೆ ಸ್ವಲ್ಪ ಹಿಂದೆ ಮುಂದೆ ಹೊರಳಿಸುತ್ತಾರೆ. ಶಾಭಾಸ್ ಎಂದೆ. ಆಗ ಒಂದು ಗುಂಪು, "ಆದರ ಈ ಕಡೆ ಕೆಟ್ಟತಲ್ರಿ" ಎಂದಿತು. ನೋಡಿದರೆ ಹೌದು. ಪಟ್ಟಿ ಎಡಕ್ಕೆ ಹೋದಾಗ ತೆರೆಯುವುದೂ ಮೊದಲಾಯಿತು. ಎರಡೂ ಬಾಗಿಲು ತೆರೆದಿರುವ ಹೊತ್ತು 20ರಿಂದ 40 ಡಿಗ್ರಿಗೆ ಏರಿತು.

ಅದರಿಂದೇನು ತೊಂದರೆ? ಎಂಜಿನ್ ಜೋರಾಗಿ ಓಡುವಾಗ ತೊಂದರೆಯಿಲ್ಲ, ಹೊರಗೆ ಹಾರುವ ಹೊಗೆಯೇ ಹೊಸ ಗಾಳಿಯನ್ನು ತನ್ನ ಹಿಂದೆ ಎಳೆದುಕೊಳ್ಳುತ್ತದೆ. ಆದರೆ ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುತ್ತಿರುವಾಗ ಗಾಳಿಯ ದಾರಿ ಬಹುಪಾಲು ಮುಚ್ಚಿರುತ್ತದೆ, ಒಳಕೊಳವೆಯಲ್ಲಿ ಒತ್ತಡ ತೀರ ಕಡಿಮೆ. ಆಗ ಎರಡೂ ಬಾಗಿಲು ತೆರೆದರೆ ಹೊಗೆ ಹೊರಗೆ ಹೋಗುವ ಬದಲು ಒಳಕ್ಕೇ ತಿರುಗುತ್ತದೆ. ಎಂಜಿನ್ ಗಡಗಡ ನಡುಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಹಾಗಾಗಿ ಗಾಡಿ ನಿಂತಾಗ ನೀಲಿ ಪಟ್ಟಿ ಬಲಕ್ಕೆ, ಚಕ್ರ ಉರುಳಿ ಏರು ಎಳೆಯುವಾಗ ಎಡಕ್ಕೆ, ಪೂರ್ತಿ ವೇಗದಲ್ಲಿ ಮತ್ತೆ ಬಲಕ್ಕೆ. ಇದನ್ನು ನಾನು ಹೇಳಲಿಲ್ಲ. ಪಟ್ಟಿ ಸರಿಸುತ್ತ ಸರಿಸುತ್ತ ಅವರೇ ಮುಟ್ಟಿದರು, ನಾನು ಒತ್ತಡದ ಒಂದು ಮಾತು ಮಾತ್ರ ಸೇರಿಸಿದೆ.

"ಸರಿಸೂದ್ಯಾಕ್ರಿ, ಪಟ್ಟಿನ ಗಿಡ್ಡ ಮಾಡಿದರ ಆತು" ಎಂದಳು ಮುಂದಿನ ಸಾಲಿನವಳು.

ಕಿಟಕಿ ಬದಿಯವನು ಎದ್ದ. ಕರೆಯದೆ ಮೇಜಿನ ಹತ್ತಿರ ಬಂದ. ಕತ್ತರಿ ತೆಗೆದುಕೊಂಡು ಇನ್ನೊಂದು ನೀಲಿ ಪಟ್ಟಿಯನ್ನು 20 ಸೆಂಟಿಮೀಟರಿಗೆ ಕತ್ತರಿಸಿ, ಉದ್ದದ ಪಟ್ಟಿಯ ಪಕ್ಕದಲ್ಲಿಟ್ಟ. ಇಬ್ಬರೂ ಒಳಗೇ ಇರ್ತಾರ ಎಂದ. ಕ್ಯಾಮ್ ಶಾಫ್ಟಿನ ಮೇಲೆ ಒಳವಾಲ್ವಿಗೆಂದು ಎರಡು ಉಬ್ಬುಗಳಿವೆ, ಒಂದು ಗಿಡ್ಡ, ಒಂದು ಎತ್ತರ. ಪ್ರತಿಯೊಂದಕ್ಕೂ ಒಂದೊಂದು ರಾಕರ್. ನಿಧಾನ ಓಡುವಾಗ ಗಿಡ್ಡ ಉಬ್ಬಿನ ರಾಕರ್ ಮಾತ್ರ ವಾಲ್ವನ್ನು ಒತ್ತುತ್ತದೆ, ಎತ್ತರದ್ದು ಸುಮ್ಮನೆ ಆಡುತ್ತಿರುತ್ತದೆ. 7400 ಸುತ್ತಿಗೆ ಒಂದು ಪಿನ್ನು ಎರಡು ರಾಕರ್‌ಗಳನ್ನು ಜೋಡಿಸುತ್ತದೆ. ಜೋಡಿಸಿದ ಮೇಲೆ ಎತ್ತರದ್ದು ಹೇಳಿದಂತೆ ಗಿಡ್ಡದ್ದು ಕೇಳಬೇಕು. ಅವನು ಮೇಜಿನ ಮೇಲಿದ್ದ ನನ್ನ ಪೆನ್ಸಿಲ್ ತೆಗೆದು ಎರಡು ಪಟ್ಟಿಗಳಿಗೂ ಒಟ್ಟಿಗೆ ಚುಚ್ಚಿ ತೋರಿಸಿದ. "ಎತ್ತರ ಇದ್ದದ್ದಕ್ಕ ವಾಲ್ವ್ ಹೆಚ್ಚು ಆಳಾನೂ ತೆರಿತದ್ರಿ, ಹೆಚ್ಚು ಹೊತ್ತೂ ತೆರಿತದ್ರಿ. ಇದು ಒಳವಾಲ್ವಿಗೆ ಅಷ್ಟೇ. ಹೊರಗಿಂದಕ್ಕಿಲ್ಲ."

ವಾರಾಂತ್ಯಕ್ಕೆ ಗಣೇಶಗುಡಿಯ ಕಡೆ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಲು ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಬರುವವರ ಬೈಕುಗಳನ್ನು ನೋಡಿ, ಕೇಳಿ, ಮಾವನ ಹತ್ತಿರ ಬಿಡಿಸಿಕೊಂಡು ಕಲಿತ ಜ್ಞಾನ ಅದು. ನಾನು ಸೇರಿಸಿದ್ದು ಸ್ವಲ್ಪ ಇತಿಹಾಸ: ರಸ್ತೆಯ ಕಾರಿಗೆ ಬದಲಾಗುವ ವಾಲ್ವ್ ಸಮಯವನ್ನು ಮೊದಲು ತಂದದ್ದು ಇಟಲಿಯ ಆಲ್ಫಾ ರೋಮಿಯೊ, 1980ರಲ್ಲಿ. ಉಬ್ಬು ಬದಲಿಸುವ ಉಪಾಯವನ್ನು 1989ರಲ್ಲಿ ಜಪಾನಿನ ಹೋಂಡಾ ಇಂಟೆಗ್ರಾ ಕಾರಿನಲ್ಲಿ ತಂದಿತು, 1.6 ಲೀಟರ್ ಎಂಜಿನ್ನಿನಿಂದ 160 ಅಶ್ವಶಕ್ತಿ ತೆಗೆದು, ಪೇಟೆಯ ನಿಧಾನ ಓಟವನ್ನೂ ಉಳಿಸಿಕೊಂಡಿತು.

ಈ ಪಾಠದ ಕೊರತೆಗಳನ್ನೂ ಹೇಳಬೇಕು. ಮೌಲ್ಯಮಾಪನದ ಹಂತಕ್ಕೆ ಬರುವ ಮೊದಲೇ ಗಂಟೆ ಹೊಡೆಯಿತು. ಎಡಗಡೆ ಕೂತ ಮೂವರು ಹುಡುಗಿಯರು ಪಟ್ಟಿ ಸರಿಸಿದರೇ ಹೊರತು ಅದು ಎಂಜಿನ್ನಿನ ಯಾವ ಭಾಗ ಎಂದು ಅವರಿಗೆ ಕೊನೆಯವರೆಗೂ ಹೊಳೆಯಲಿಲ್ಲವೆಂದು ಆಮೇಲೆ ಅವರ ಟಿಪ್ಪಣಿ ನೋಡಿ ಗೊತ್ತಾಯಿತು. ಅವರು ಎಂಜಿನ್ನಿನ ಒಳಗನ್ನು ಒಮ್ಮೆಯೂ ಕಂಡವರಲ್ಲ, ಹಿಂದಿನ ವಾರ ನನ್ನ ಸ್ಥಿತಿಯೂ ಅದೇ. ಅವರನ್ನೂ ಆ ಸ್ಟ್ರಾ ನೋಡಲು ಗ್ಯಾರೇಜಿಗೆ ಕರೆದೊಯ್ಯಬೇಕಿತ್ತು, ನಾನು ಕರೆದೊಯ್ಯಲಿಲ್ಲ. ಪಾಠ ಯೋಜನೆಯ ಪುಸ್ತಕದಲ್ಲಿ ಬಂದ ಷರಾ, "ಯೋಜನೆಯ ಹೊರಗೆ ಹೋಗಿದ್ದಾರೆ, ಸಮಯ ಪಾಲನೆ ಸಾಲದು." ಅಂಕವೂ ಮೊದಲ ಪಾಠಕ್ಕಿಂತ ಕಡಿಮೆ. ಸಮಯದ ಬಗ್ಗೆ ಬರೆದದ್ದು ಸರಿಯೇ. ಮೊದಲ ಪಾಠದ ಅಂಕದ ಬಗ್ಗೆ ಮಾತ್ರ ನನ್ನ ತಕರಾರು ಇವತ್ತಿಗೂ ಇದೆ. ತಪ್ಪು ವಿಷಯವನ್ನು ನೀಟಾಗಿ ಹೇಳಿದ್ದಕ್ಕೆ ಸಿಕ್ಕ ಅಂಕ ಅದು.

ನಾಲ್ಕು ಸ್ಟ್ರೋಕಿನ ಆ ಸರಳ ಚಿತ್ರ ಬೇಡ ಎಂದು ನಾನು ಹೇಳುತ್ತಿಲ್ಲ. ಮೊದಲ ಸಲ ಕಲಿಯುವವರಿಗೆ ಅದೇ ಬೇಕು, ಈಗಲೂ ಅದನ್ನೇ ಬರೆಯುತ್ತೇನೆ. ಬರೆದ ಮೇಲೆ ಪಿಸ್ಟನ್ನಿನ ತಳದ ಗೆರೆಯ ಹತ್ತಿರ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ. ಯಾರಾದರೂ ಅದನ್ನು ಕೇಳಿದರೆ ಪಾಠ ಮುಂದೆ ಹೋಗುತ್ತದೆ, ಕೇಳದಿದ್ದರೆ ಆ ವರ್ಷಕ್ಕೆ ಅಷ್ಟೇ.

ಬೋಧನಾಭ್ಯಾಸದ ಕೊನೆಯ ದಿನ ಮಕ್ಕಳು ಹೂವು, ಪೆನ್ನು ಕೊಟ್ಟು ಫೋಟೊ ತೆಗೆಸಿಕೊಂಡರು. ಅವನು ಎಲ್ಲರೂ ಹೋಗುವವರೆಗೆ ಕಾದು ಬಂದು ಕೇಳಿದ: "ಟೀಚರ್ರ, ಎರಡೇ ಪಟ್ಟಿ ಯಾಕ್ರಿ? ಗಾಡಿ ನಿಂತಾಗ ಒಂದು, ಏರಿಗೊಂದು, ಜೋರ್ ಓಡ್ಸಾಕ ಒಂದು, ಮೂರು ಇಡಬಹುದಿತ್ತಲ್ರಿ?"

"ನನಗೆ ಗೊತ್ತಿಲ್ಲಪ್ಪ, ಹುಡುಕಿ ಹೇಳ್ತೀನಿ" ಎಂದೆ. ಈ ಸಲ ಆ ಮಾತು ಸಲೀಸಾಗಿ ಬಂತು.

ಹುಡುಕಲು ತಿಂಗಳಾಯಿತು. ಅಷ್ಟರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದವು, ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ ಕೊನೆಗೆ ಹೋಯಿತು. ಗ್ಯಾರೇಜಿನ ನಂಬರಿಗೆ ಫೋನ್ ಮಾಡಿದೆ. ಪರೀಕ್ಷೆ ಬರೆಯುತ್ತಾನಂತೆ ಎಂದು ಅವನ ಮಾವ ಹೇಳಿ ಫೋನ್ ಅವನಿಗೆ ಕೊಟ್ಟರು. ಮೂರು ಹಂತದ್ದನ್ನು ಹೋಂಡಾ 1995ರಲ್ಲೇ ಸಿವಿಕ್ ಕಾರಿನಲ್ಲಿ ಮಾಡಿದೆ, ಮೊದಲ ಹಂತದಲ್ಲಿ ಎರಡು ಒಳವಾಲ್ವುಗಳ ಪೈಕಿ ಒಂದೇ ಕೆಲಸ ಮಾಡುತ್ತದೆ, ಎರಡನೆಯದರಲ್ಲಿ ಎರಡೂ ಗಿಡ್ಡ ಉಬ್ಬಿನ ಮೇಲೆ, ಮೂರನೆಯದರಲ್ಲಿ ಎತ್ತರದ ಉಬ್ಬು ಎಂದು ಓದಿ ಹೇಳಿದೆ.

ಆ ಕಡೆಯಿಂದ ಪಾನಾ ಕೆಳಗಿಟ್ಟ ಸದ್ದು ಕೇಳಿತು. "ನನಗ ಅನಿಸಿತ್ರಿ" ಎಂದ.